ಸೊನ್ನೆ ಸಂಬಳದ ಮಗಳು

ಜೂನ್ ೧೧

ಅಮ್ಮನಿಗೆ,

ಫೋನಿನಲ್ಲಿ ಮಾತಾಡಿದರೆ ಇಬ್ಬರೂ ಒಟ್ಟಿಗೆ ಜಗಳ ಆಡುತ್ತೇವೆ, ಕಾಗದದಲ್ಲಾದರೆ ಒಬ್ಬೊಬ್ಬರಾಗಿ ಆಡಬಹುದು ಎಂದು ನೀನೇ ಹೇಳಿದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮೊದಲ ಸರದಿ ನನ್ನದು.

ಸರ್ಕಾರಿ ಆಸ್ಪತ್ರೆಗೆ ಬಂದು ವಾರವಾಯಿತು. ಮಾತಿನ ಚಿಕಿತ್ಸೆಯ ವಿಭಾಗದಲ್ಲಿ ಆರು ತಿಂಗಳು ಸಂಬಳವಿಲ್ಲದೆ ದುಡಿಯಬೇಕು. ಮುಗಿದ ಮೇಲೆ ವಿಭಾಗದ ದೊಡ್ಡ ಮೇಡಂ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು. ಆ ಸಹಿ ಇದ್ದರೆ ಕೊನೆಯ ಪರೀಕ್ಷೆ, ಇಲ್ಲದಿದ್ದರೆ ಇಷ್ಟು ವರ್ಷ ಓದಿದ್ದೆಲ್ಲ ಹೊಳೆಯಲ್ಲಿ ಹುಣಸೇಹಣ್ಣು ಕಿವುಚಿದ ಹಾಗೆ. ಇದು ನಿನಗೆ ಗೊತ್ತಿರುವುದೇ.

ಗೊತ್ತಿಲ್ಲದ್ದು ಏನೆಂದರೆ, ದುಡಿಯಲು ಒಳಗೆ ಹೋಗಬೇಕಲ್ಲ, ಒಳಗೆ ಹೋಗಲು ಪಾಸು ಬೇಕು. ಪಾಸಿನ ಕೋಣೆಯಲ್ಲಿ ಸಂಬಳದ ಸಂಖ್ಯೆ ಕೇಳಿದರು. ಸಂಬಳದ ವಿಭಾಗಕ್ಕೆ ಹೋದೆ. ಅಲ್ಲಿ ಕಿವಿಯಲ್ಲಿ ಪೆನ್ಸಿಲ್ ಆಡಿಸುತ್ತ ಕೂತಿದ್ದ ಗುಮಾಸ್ತ, "ಸಂಬಳ ಇಲ್ಲದೋರಿಗೆ ಸಂಬಳದ ಸಂಖ್ಯೆ ಯಾಕಮ್ಮ?" ಎಂದ.

"ಸೊನ್ನೆ ಸಂಬಳ ಅಂತ ಬರ್ಕೊಂಡು ಒಂದು ಸಂಖ್ಯೆ ಕೊಡಿ ಸರ್."

"ಸೊನ್ನೆ ಕೊಡೋಕೂ ಮಂಜೂರಾತಿ ಬೇಕು. ನಾಳೆ ಆಡಿಟ್‌ನೋರು ಬಂದು ಈ ಸೊನ್ನೆ ಎಲ್ಲಿಂದ ಬಂತು ಅಂದ್ರೆ ನಾನೇನು ಹೇಳ್ಲಿ?"

ಮಂಜೂರಾತಿ ಕೊಡಬೇಕಾದವರು ಆಡಳಿತಾಧಿಕಾರಿ. ಯಾವ ಅರ್ಜಿ ಕೊಟ್ಟರೂ ಅದರ ಮೂಲೆಯಲ್ಲಿ ಹಸಿರು ಶಾಯಿಯಲ್ಲಿ 'ಚರ್ಚಿಸಿ' ಎಂದು ಬರೆಯುತ್ತಾರೆ. ಚರ್ಚಿಸಲು ಹೋದರೆ 'ಲಿಖಿತದಲ್ಲಿ ಕೊಡಿ' ಎನ್ನುತ್ತಾರೆ. ಲಿಖಿತದಲ್ಲಿ ಕೊಟ್ಟರೆ ಮತ್ತೆ 'ಚರ್ಚಿಸಿ'. ಇಡೀ ಆಸ್ಪತ್ರೆ ಅವರನ್ನು 'ಚರ್ಚಿಸಿ ಸಾಹೇಬ' ಎಂದೇ ಕರೆಯುವುದು. ದೇವರು ಕೊಟ್ಟರೂ ಪೂಜಾರಿ ಕೊಡ ಅಂತೀಯಲ್ಲ, ಆ ಪೂಜಾರಿ ಇವರೇ.

ನಿನ್ನ ಬೈಗುಳಕ್ಕೆ ಕಾಯುತ್ತಿರುವ,
ವಾಚಾಳಿ

ಜೂನ್ ೧೯

ವಾಚಾಳಿಗೆ,

ಹುಟ್ಟಿದಾಗಿನಿಂದ ಬಾಯಿ ಮುಚ್ಚದವಳು ಮಾತು ಬಾರದವರಿಗೆ ಕಲಿಸುತ್ತೇನೆಂದು ಹೊರಟಾಗಲೇ ನನಗೆ ನಗು ಬಂದಿತ್ತು. ಈಗ ಅದೂ ಇಲ್ಲ.

ನಾನು ದರ್ಜಿ. ಒಂದು ಗುಂಡಿ ಹೊಲಿದು ಕೊಟ್ಟರೂ ಕೂಲಿ ತಗೊಳ್ಳದೆ ಬಟ್ಟೆ ಕೈಬಿಡುವುದಿಲ್ಲ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಬಿಟ್ಟಿ ಚಾಕರಿ ಮಾಡಲು ಅರ್ಜಿ ಹಿಡಿದು ಬಾಗಿಲು ಬಾಗಿಲು ಅಲೆಯುತ್ತಿದ್ದಾಳೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನಿನ್ನ ಆಸ್ಪತ್ರೆಯಲ್ಲಿ ಕೈ ಕೆಸರು ಮಾಡಿಕೊಳ್ಳಲೂ ಪರವಾನಗಿ ಬೇಕಂತೆ. ಅಂಗಡಿಗೆ ಬಂದ ಗಿರಾಕಿಗೆ ಇದನ್ನು ಹೇಳಿದೆ, ಆಕೆ ನಾನು ಸುಳ್ಳು ಹೇಳುತ್ತಿದ್ದೇನೆ ಅಂದುಕೊಂಡಳು.

ಅಜ್ಜಿಯ ಕೊನೆಯ ವರ್ಷ ನೋಡಿಯೇ ನೀನು ಈ ಓದು ಹಿಡಿದಿದ್ದು ಅಂತ ನನಗೆ ಗೊತ್ತು. ಮಾತು ನಿಂತ ಮೇಲೆ ಅವಳು ಏನೋ ಕೇಳುತ್ತಿದ್ದಳು, ನಮಗೆ ಏನೆಂದು ತಿಳಿಯಲಿಲ್ಲ. ಅದರ ವಿಷಯ ನನಗೆ ಬರೆಯಬೇಡ.

ಊಟ ಸರಿಯಾಗಿ ಮಾಡು. ಮನೆಗೆ ಮಾರಿ, ಊರಿಗೆ ಉಪಕಾರಿ ನೀನು.

ಕತ್ತರಿ ಕೈಯಲ್ಲಿರುವಾಗಲೇ ಬರೆದ,
ಅಮ್ಮ

ಜುಲೈ ೨೩

ಅಮ್ಮನಿಗೆ,

ಒಳಗೆ ಹೋದೆ. ಪಾಸು ಸಿಕ್ಕಿಲ್ಲ, ಗೇಟಿನವನು ದಾರಿ ತೋರಿಸಿದ. "ರೋಗಿ ನೋಡೋಕೆ ಬಂದೋರಿಗೆ ಪಾಸು ಬೇಡ. ಯಾರನ್ನಾದ್ರೂ ನೋಡೋಕೆ ಬಂದೆ ಅನ್ನಿ," ಎಂದ. ಸರಿ ಎಂದೆ. ಆಗ ಅವನ ಪುಸ್ತಕದ ಪ್ರಶ್ನೆ ಬಂತು: "ರೋಗಿಗೆ ನೀವು ಏನಾಗಬೇಕು?"

"ಏನೂ ಆಗಬೇಕಿಲ್ಲ."

"ಏನಾದ್ರೂ ಆಗ್ಲೇಬೇಕಮ್ಮ. ಇಲ್ಲಾಂದ್ರೆ ಬಿಡೋ ಹಾಗಿಲ್ಲ."

ಕಿಟಕಿ ಪಕ್ಕದ ಹಾಸಿಗೆಯಲ್ಲಿ ಒಬ್ಬ ಮುದುಕರಿದ್ದಾರೆ, ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು, ಅವರನ್ನು ನೋಡಲು ಯಾರೂ ಬರುವುದಿಲ್ಲ ಎಂದೂ ಅವನೇ ಹೇಳಿಕೊಟ್ಟ. ಹಾಗಾಗಿ ನಾನು ಮೊದಲ ದಿನ ಅವರ ಸೊಸೆಯಾದೆ. ಮರುದಿನ ಮರೆತು ತಂಗಿಯ ಮಗಳು ಎಂದೆ. ಅದರ ಮರುದಿನ ನಾದಿನಿ. ಗೇಟಿನವನಿಗೆ ತಲೆ ಕೆಟ್ಟಿತು. "ಒಂದು ವಾರದಲ್ಲಿ ಇಡೀ ವಂಶ ಆಗ್ಬಿಟ್ರಲ್ಲ. ಮಗಳು ಅಂತ ಹಾಕ್ತೀನಿ. ಸೊಸೆ ದಿನಾ ಬರ್ತಾಳೆ ಅಂದ್ರೆ ಯಾರೂ ನಂಬಲ್ಲ," ಎಂದು ತಾನೇ ಬರೆದುಕೊಂಡ.

ದೊಡ್ಡ ಮೇಡಂಗೆ ಇದೆಲ್ಲ ಗೊತ್ತು. "ಪಾಸು ಬರೋವರೆಗೆ ಹೇಗೋ ನಡೀಲಿ, ಸಹಿಗೆ ನಾನಿದ್ದೀನಿ," ಎಂದಿದ್ದಾರೆ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರದು ಎತ್ತಿದ ಕೈ. ವಾರ್ಡಿನ ಸಿಸ್ಟರ್‌ಗೆ ಮಾತ್ರ ಕೆಲಸವಿದ್ದಾಗ ನಾನು ತರಬೇತಿಯವಳು, ಕೂರಲು ಕುರ್ಚಿ ಕೇಳಿದಾಗ ರೋಗಿಯ ಕಡೆಯವಳು. ಬೆಳಗಿನಿಂದ ನಿಂತೇ ಇರುತ್ತೇನೆ.

ಕಂಡಕ್ಟರ್‌ಗೆ ಪಾರ್ಶ್ವವಾಯು ಬಡಿದು ಮಾತೆಲ್ಲ ಹೋಗಿದೆ, ಉಳಿದಿರುವುದು ಒಂದೇ: "ರೈಟ್." ಜೀವಮಾನವೆಲ್ಲ ಬಸ್ಸು ಬಿಡಿಸಲು ಕೂಗಿದ ಮಾತು ಅದು, ಯಾವುದೋ ಮೂಲೆಯಲ್ಲಿ ಸಿಕ್ಕಿಕೊಂಡು ಉಳಿದುಬಿಟ್ಟಿದೆ. ನೀರು ಬೇಕಾ ಎಂದರೆ ರೈಟ್. ನೀರು ಚೆಲ್ಲಿಹೋಯಿತು ಎಂದರೂ ರೈಟ್. ಸೂಜಿ ಚುಚ್ಚಿದರೆ ಕಣ್ಣಲ್ಲಿ ನೀರು, ಬಾಯಲ್ಲಿ ರೈಟ್. ಬುದ್ಧಿ ನೆಟ್ಟಗಿದೆ ಅಮ್ಮ, ಎಲ್ಲ ತಿಳಿಯುತ್ತದೆ, ತಾನು ಅಂದದ್ದು ತಪ್ಪು ಎಂದೂ ತಿಳಿಯುತ್ತದೆ. ಆಗ ಮಂಚದ ಕಂಬಿಗೆ ಎಡಗೈ ಗುದ್ದುತ್ತಾರೆ. ಅದನ್ನು ನೋಡಲು ಆಗುವುದಿಲ್ಲ.

ಅವರಿಗೆ ಮೊದಲು 'ಅಲ್ಲ' ಎನ್ನುವುದನ್ನು ಕಲಿಸಬೇಕು ಎಂದುಕೊಂಡಿದ್ದೇನೆ. ಇಂಥ ಕಟ್ಟಡದಲ್ಲಿ ಎಲ್ಲದಕ್ಕೂ ರೈಟ್ ಎನ್ನುವ ಮನುಷ್ಯ ಉಳಿಯುವುದು ಕಷ್ಟ.

ನಿನಗೂ ಇನ್ಯಾರಿಗೋ ಮಗಳಾಗಿರುವ,
ವಾಚಾಳಿ

ಆಗಸ್ಟ್ ೨

ವಾಚಾಳಿಗೆ,

ಸಂಬಳ ಕೊಡಲು ಯೋಗ್ಯತೆಯಿಲ್ಲ, ಪಾಸು ಕೊಡಲು ಯೋಗ್ಯತೆಯಿಲ್ಲ, ಕೂರಲು ಕುರ್ಚಿಯೂ ಇಲ್ಲ. ಒಬ್ಬ ಅಪ್ಪನನ್ನು ಮಾತ್ರ ಪುಕ್ಕಟೆ ಕೊಟ್ಟರು. ನಿನ್ನಪ್ಪ ಹೋದ ಮೇಲೆ ನಾನೇ ಬೇರೆ ಗಂಡ ಬೇಡ ಅಂದೆ, ನೀನು ಹೋಗಿ ಅಪ್ಪನನ್ನು ಮಾಡಿಕೊಂಡಿದ್ದೀಯ.

ಸುಳ್ಳು ಬರೆಸಿ ಒಳಗೆ ಹೋಗಿದ್ದೀಯ, ಇದು ಕೊರಳಿಗೆ ಬರುತ್ತದೆ ನೋಡು. ಸುಳ್ಳು ಬರೆಯಲು ಹೇಳಿಕೊಟ್ಟವರು ಯಾರೂ ಆಗ ಪಕ್ಕದಲ್ಲಿ ಇರುವುದಿಲ್ಲ. ಆ ನಿನ್ನ ದೊಡ್ಡ ಮೇಡಂ ಮೊದಲು ಜಾರಿಕೊಳ್ಳುತ್ತಾಳೆ.

ಆ ಕಂಡಕ್ಟರ್‌ಗೆ ಗಂಟಲು ಒಣಗುತ್ತದೆಯೋ ಏನೋ, ಕಲಿಸುವಾಗ ಬೆಚ್ಚಗಿನ ನೀರು ಕೊಡುತ್ತಿರು.

ಹೇಳಿದ್ದು ಕೇಳದ ಮಗಳ,
ಅಮ್ಮ

ಅಕ್ಟೋಬರ್ ೧೪

ಅಮ್ಮನಿಗೆ,

ನೀನು ಹೇಳಿದ ಹಾಗೇ ಆಯಿತು. ಹಿಗ್ಗಬೇಡ.

ಹಾಸಿಗೆಗಳನ್ನು ಖಾಲಿ ಮಾಡಿಸಬೇಕೆಂದು ಮೇಲಿನಿಂದ ಆದೇಶ ಬಂದಿದೆ. ಮೊನ್ನೆ ಚರ್ಚಿಸಿ ಸಾಹೇಬರು ಬರೆದುಕೊಳ್ಳುವ ಗುಮಾಸ್ತನನ್ನು ಹಿಂದಿಟ್ಟುಕೊಂಡು ವಾರ್ಡು ಸುತ್ತಿದರು. ಕಂಡಕ್ಟರ್ ಮುಂದೆ ನಿಂತು, "ಏನ್ರೀ, ಹುಷಾರಾಗಿದ್ದೀರಾ?" ಎಂದರು. ರೈಟ್. "ಮನೆಗೆ ಹೋಗ್ತೀರಾ?" ರೈಟ್. "ದಿನಾ ಬರ್ತಾರಲ್ಲ, ಮಗಳು. ಅವರ ಜೊತೆ ಹೋಗೋಕೆ ಒಪ್ಪಿಗೆ ತಾನೆ?" ರೈಟ್. ಗುಮಾಸ್ತ ಮೂರನ್ನೂ ಬರೆದುಕೊಂಡ. ಕಂಡಕ್ಟರ್ ಕಂಬಿಗೆ ಗುದ್ದುತ್ತಲೇ ಇದ್ದರು. ಸಾಹೇಬರು ಸಿಸ್ಟರ್ ಕಡೆ ತಿರುಗಿ, "ಸಂತೋಷ ಜಾಸ್ತಿ ಆಗಿದೆ," ಎಂದರು.

ನಾನು ಅವರ ಮಗಳಲ್ಲ ಎಂದು ಹೇಳಲು ಆ ಸಂಜೆಯೇ ದೊಡ್ಡ ಮೇಡಂ ಹತ್ತಿರ ಹೋದೆ. ಅವರು ಉಗುರು ನೋಡಿಕೊಳ್ಳುತ್ತ ಹೇಳಿದ್ದು ಇಷ್ಟು. ಸುಳ್ಳು ಬರೆಸಿದವಳ ಮಾತು ನಡೆಯುವುದಿಲ್ಲ, ಅಲ್ಲ ಎಂದು ರೋಗಿಯೇ ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಹಿಂದೆ ಮುಂದೆ ಇಲ್ಲದ ರೋಗಿ ಎಂದು ಹಾಸಿಗೆ ಅವರಿಗೇ ಉಳಿಯುತ್ತದೆ. ಆದರೆ ಆಗ ನಾನು ಸುಳ್ಳು ಹೇಳಿ ಒಳಗೆ ಬಂದವಳಾಗುತ್ತೇನೆ, ಅಂಥವಳ ಪ್ರಮಾಣಪತ್ರಕ್ಕೆ ಅವರು ಸಹಿ ಹಾಕುವ ಹಾಗಿಲ್ಲ.

"ಇನ್ನೊಂದು ದಾರಿ ಇದೆ," ಎಂದರು ಆಮೇಲೆ. "ಮಗಳು ಅಂತ ಸಹಿ ಮಾಡಿ ಕರ್ಕೊಂಡು ಹೋಗು. ಯಾವುದಾದ್ರೂ ಅನಾಥಾಶ್ರಮದ ಬಾಗಿಲಲ್ಲಿ ಬಿಟ್ರೆ ಯಾರು ಕೇಳ್ತಾರೆ? ಡಿಸೆಂಬರ್‌ನಲ್ಲಿ ಬಂದು ಪ್ರಮಾಣಪತ್ರ ತಗೋ."

ಅನಾಥಾಶ್ರಮದಲ್ಲಿ ಅವರಿಗೆ ಯಾರು ಮಾತು ಕಲಿಸುತ್ತಾರೆ ಎಂದು ಕೇಳಿದೆ. ಅದು ಬೇರೆ ಇಲಾಖೆ ಎಂದರು.

ನಾನು ಮಗಳು ಹೌದೋ ಅಲ್ಲವೋ ಎಂದು ರೋಗಿಯನ್ನೇ ಕೇಳಲು ನವೆಂಬರ್‌ನಲ್ಲಿ ವಿಚಾರಣೆ. ಈಗ 'ಅ' ಬರುತ್ತದೆ. 'ಲ್ಲ' ಬರುವುದಿಲ್ಲ, ನಾಲಗೆ ಮೇಲೆ ಏಳುವುದಿಲ್ಲ. ಕಲಿಸಿದರೆ ನಾನು ಕೆಟ್ಟೆ, ಕಲಿಸದಿದ್ದರೆ ಅವರು ಕೆಟ್ಟರು. ಏನು ಮಾಡಲಿ ಅಮ್ಮ, ಹೇಳು.

ನಿದ್ದೆಗೆಟ್ಟಿರುವ,
ವಾಚಾಳಿ

ಅಕ್ಟೋಬರ್ ೨೨

ವಾಚಾಳಿಗೆ,

ಇದರಲ್ಲಿ ಕೇಳುವುದು ಏನಿದೆ? ಆ ಮನುಷ್ಯ ನಮಗೆ ನೆಂಟನಲ್ಲ, ಇಷ್ಟನಲ್ಲ. ಎಲ್ಲಾದರೂ ಒಯ್ದು ಬಿಡು, ಸಹಿ ತಗೊಂಡು ಮನೆಗೆ ಬಾ. ಈ ವರ್ಷ ತಪ್ಪಿದರೆ ಇನ್ನೊಂದು ವರ್ಷ ನಿನ್ನನ್ನು ಓದಿಸಲು ನನ್ನ ಕಣ್ಣು ಉಳಿದಿರಬೇಕಲ್ಲ, ಈಗಲೇ ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆಯವಳನ್ನು ಕರೆಯುತ್ತೇನೆ. ಅನುಕಂಪ ಹೊಟ್ಟೆ ತುಂಬಿಸುವುದಿಲ್ಲ. ಇದು ನನ್ನ ಮಾತು, ಆಮೇಲೆ ಹೇಳಲಿಲ್ಲ ಎನ್ನಬೇಡ.

ಅಂಗಡಿಯ ಕನ್ನಡಿ ಮುಂದೆ ನಿಂತು ನಾನೂ ಹೇಳಿ ನೋಡಿದೆ. 'ಲ್ಲ' ಅನ್ನುವಾಗ ನಾಲಗೆಯ ತುದಿ ಮೇಲಿನ ಹಲ್ಲಿನ ಹಿಂದೆ ಹೋಗಿ ಒತ್ತುತ್ತದೆ. ಅಲ್ಲಿಗೆ ಸ್ವಲ್ಪ ಬೆಲ್ಲವನ್ನೋ ಜೇನನ್ನೋ ಅಂಟಿಸಿದರೆ ನಾಲಗೆ ತಾನೇ ಹುಡುಕಿಕೊಂಡು ಹೋಗುವುದಿಲ್ಲವೇ? ನಿಮ್ಮ ಪುಸ್ತಕದಲ್ಲಿ ಇದು ಇದೆಯೋ ಇಲ್ಲವೋ.

ಒಂದು ಕೈಗನ್ನಡಿ ಕಳಿಸಿದ್ದೇನೆ. ಅಂಗಡಿಯಲ್ಲಿ ಸುಮ್ಮನೆ ಬಿದ್ದಿತ್ತು.

ಬುದ್ಧಿ ಹೇಳಿ ಸಾಕಾದ,
ಅಮ್ಮ

ನವೆಂಬರ್ ೧೬

ಅಮ್ಮನಿಗೆ,

ನಿನ್ನ ಜೇನು ಕೆಲಸ ಮಾಡಿತು. ನನ್ನ ವರ್ಷ ಹೋಯಿತು.

ವಿಚಾರಣೆ ಇವತ್ತು ನಡೆಯಿತು. ಮೇಜಿನ ಆಚೆ ಮೂರು ಕುರ್ಚಿ, ಫ್ಯಾನು ಅವರ ತಲೆಯ ಮೇಲೆ ಮಾತ್ರ. ನಡುವೆ ಚರ್ಚಿಸಿ ಸಾಹೇಬರು, ಒಂದು ಕಡೆ ದೊಡ್ಡ ಮೇಡಂ, ಇನ್ನೊಂದು ಕಡೆ ಬರೆದುಕೊಳ್ಳುವ ಗುಮಾಸ್ತ. ಕಂಡಕ್ಟರ್ ಗಾಲಿಕುರ್ಚಿಯಲ್ಲಿ, ನಾನು ಎಂದಿನಂತೆ ನಿಂತುಕೊಂಡು.

"ಇವರು ನಿಮ್ಮ ಮಗಳು ತಾನೆ?" ಎಂದರು ಸಾಹೇಬರು.

ಕಂಡಕ್ಟರ್ ಬಾಯಿ ತೆರೆದರು. ಮೊದಲು ತುಟಿ ಹಳೆಯ ಮಾತಿಗೇ ಸಜ್ಜಾಯಿತು, ಅದು ನನಗೆ ಕಂಡಿತು. ಅವರು ಅದನ್ನು ನುಂಗಿದರು. ನನ್ನ ಕಡೆ ನೋಡಿದರು. ನಾನು ಸುಮ್ಮನೆ ಇದ್ದುಬಿಡಬಹುದಾಗಿತ್ತು, ಅಮ್ಮ, ಕಣ್ಣು ಕೆಳಗೆ ಮಾಡಿದ್ದರೂ ಸಾಕಿತ್ತು. ನಾನು ಬಾಯಿ ಅಗಲಿಸಿ ನಾಲಗೆಯ ತುದಿಯನ್ನು ಮೇಲಿಟ್ಟು ತೋರಿಸಿದೆ.

"ಅ..." ಎಂದರು. ಜೊಲ್ಲು ಇಳಿಯಿತು. ಕತ್ತಿನ ನರ ಉಬ್ಬಿತು. "ಅ...ಲ್ಲ."

ನಾನು ಚಪ್ಪಾಳೆ ತಟ್ಟಿಬಿಟ್ಟೆ. ಅಷ್ಟು ಸ್ಪಷ್ಟವಾಗಿ ಬಂತು. ತಟ್ಟಿದ ಮೇಲೆ ನೋಡಿದರೆ ಕೋಣೆಯಲ್ಲಿ ಇನ್ಯಾರೂ ಖುಷಿಯಾಗಿರಲಿಲ್ಲ. ಗುಮಾಸ್ತ 'ಅಲ್ಲ' ಎಂದು ಬರೆದುಕೊಂಡ.

"ಮಗಳಲ್ಲ ಅಂದ್ಮೇಲೆ ಇಷ್ಟು ತಿಂಗಳು ಇಲ್ಲಿ ಇವರಿಗೇನು ಕೆಲಸ? ನಿಮಗೆ ಮಾತು ಕಲಿಸ್ತಿದ್ರೇನು?" ಎಂದು ಸಾಹೇಬರು ನಕ್ಕರು.

"ರೈಟ್," ಎಂದರು ಕಂಡಕ್ಟರ್.

ಈ ಸಲ ಕೈ ಗುದ್ದಲಿಲ್ಲ. ಕೈ ತೊಡೆಯ ಮೇಲೆ ಸುಮ್ಮನೆ ಇತ್ತು. ಗುಮಾಸ್ತ ಬರೆಯಲು ಪೆನ್ನು ಎತ್ತಿದ. ಸಾಹೇಬರು ತಡೆದರು. "ಅದನ್ನ ಬರ್ಕೋಬೇಡಿ. ಅವರು ಎಲ್ಲದಕ್ಕೂ ಹಾಗೇ ಅಂತಾರೆ. ಅದು ಕಾಯಿಲೆ."

ನನಗೆ ಮೈಯೆಲ್ಲ ಉರಿಯಿತು. "ಹೋದ ತಿಂಗಳು ಇದೇ ರೈಟ್‌ನ ಒಪ್ಪಿಗೆ ಅಂತ ಬರ್ಕೊಂಡ್ರಲ್ಲ ಸರ್," ಎಂದೆ. "ಆಗ ಇವರಿಗೆ ಬೇರೆ ಮಾತೇ ಬರ್ತಿರ್ಲಿಲ್ಲ. ಈಗ ಅಲ್ಲ ಅನ್ನೋಕೂ ಬರುತ್ತೆ. ಅಲ್ಲ ಅನ್ನೋಕೆ ಬಂದೂ ರೈಟ್ ಅಂದ್ರಲ್ಲ, ಅದು ಕಾಯಿಲೆ ಅಲ್ಲ ಸರ್, ಅದು ಉತ್ತರ."

"ಲಿಖಿತದಲ್ಲಿ ಕೊಡಿ," ಎಂದರು.

ಅಲ್ಲೇ ಬರೆದುಕೊಟ್ಟೆ. ಮೂಲೆಯಲ್ಲಿ ಹಸಿರು ಶಾಯಿಯಲ್ಲಿ 'ಚರ್ಚಿಸಿ' ಎಂದು ಬರೆದು ಟ್ರೇಗೆ ಹಾಕಿದರು. ದೊಡ್ಡ ಮೇಡಂ ನನ್ನ ಮುಖ ನೋಡಲಿಲ್ಲ.

ಬೈಯುವುದಿದ್ದರೆ ಒಂದೇ ಸಲ ಬೈದುಬಿಡು.

ಪರೀಕ್ಷೆಗೆ ಕೂರದ,
ವಾಚಾಳಿ

ನವೆಂಬರ್ ೨೮

ಆಡಳಿತಾಧಿಕಾರಿಗಳ ಕಚೇರಿಯಿಂದ

ವಿಷಯ: ತರಬೇತಿ ಪ್ರಮಾಣಪತ್ರ ಕೋರಿ ಸಲ್ಲಿಸಿದ ಮನವಿಯ ಬಗ್ಗೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮಗೆ ತಿಳಿಯಪಡಿಸುವುದೇನೆಂದರೆ, ತಾವು ಈ ಆಸ್ಪತ್ರೆಯಲ್ಲಿ ತರಬೇತಿ ಅಭ್ಯರ್ಥಿಯಾಗಿ ಒಂದು ದಿನವೂ ಪ್ರವೇಶಿಸಿರುವುದು ದಾಖಲೆಗಳಿಂದ ಕಂಡುಬರುವುದಿಲ್ಲ. ಆದ್ದರಿಂದ ಪ್ರಮಾಣಪತ್ರ ನೀಡುವ ಪ್ರಶ್ನೆಯೇ ಉದ್ಭವಿಸುವುದಿಲ್ಲ. ಸಂಬಂಧವನ್ನು ತಪ್ಪಾಗಿ ನಮೂದಿಸಿ ಪ್ರವೇಶಿಸಿರುವುದರಿಂದ ತಮ್ಮ ಮುಂದಿನ ಪ್ರವೇಶವನ್ನು ನಿರ್ಬಂಧಿಸಲಾಗಿದೆ.

ಮುಂದುವರಿದು, ಸದರಿ ರೋಗಿಯು ಮಾತನಾಡಲು ಆರಂಭಿಸಿರುವುದನ್ನು ವಿಭಾಗದ ವಿಶೇಷ ಸಾಧನೆಯೆಂದು ಪರಿಗಣಿಸಿ ಮೇಲಧಿಕಾರಿಗಳ ಅವಗಾಹನೆಗೆ ಸಲ್ಲಿಸಲಾಗಿದೆ. ಈ ಪ್ರಗತಿಗೆ ಕಾರಣರಾದ ಸಿಬ್ಬಂದಿಯ ವಿವರ ಲಭ್ಯವಿರುವುದಿಲ್ಲ.

ತಮ್ಮ ವಿಶ್ವಾಸಿ,
ಆಡಳಿತಾಧಿಕಾರಿ

ಡಿಸೆಂಬರ್ ೧

ಅಮ್ಮನಿಗೆ,

ಅವರ ಕಾಗದ ಇದರ ಜೊತೆಗಿಟ್ಟಿದ್ದೇನೆ. ಕತ್ತರಿಸಬೇಡ, ಓದಿ ವಾಪಸು ಕಳಿಸು.

ನಾನು ಇನ್ನೂ ಇಲ್ಲೇ ಇದ್ದೇನೆ. ಕಂಡಕ್ಟರ್ ಹಾಸಿಗೆ ಅವರಿಗೇ ಉಳಿದಿದೆ, ಮಾತು ಕಲಿಸಲು ಮಾತ್ರ ಯಾರೂ ಹತ್ತಿರ ಹೋಗಿಲ್ಲ. ಸಾಧನೆ ಆಗಿಹೋಗಿದೆಯಲ್ಲ, ಇನ್ಯಾಕೆ. ಅವರ ಕಿಟಕಿ ರಸ್ತೆಗೆ ತೆರೆಯುತ್ತದೆ. ರಸ್ತೆ ಆಸ್ಪತ್ರೆಗೆ ಸೇರಿದ್ದಲ್ಲ, ನಗರಸಭೆಯದು, ಅಲ್ಲಿ ನಿಲ್ಲಲು ನಾನು ಯಾರಿಗೂ ಏನೂ ಆಗಬೇಕಿಲ್ಲ. ಸಂಜೆ ಎದುರಿನ ಕಾಲುದಾರಿಯಲ್ಲಿ ನಿಂತು ಬಾಯಿ ಆಡಿಸಿ ತೋರಿಸುತ್ತೇನೆ, ಅವರು ಸರಳುಗಳ ಹಿಂದೆ ನಿನ್ನ ಕನ್ನಡಿ ಹಿಡಿದು ಹಾಗೇ ಬಾಯಿ ಆಡಿಸುತ್ತಾರೆ. ದಾರಿಯಲ್ಲಿ ಹೋಗುವವರು ನನಗೆ ಹುಚ್ಚು ಅಂದುಕೊಂಡಿದ್ದಾರೆ.

ಮೂರನೆಯ ಮಾತು ಯಾವುದು ಕಲಿಸಲಿ? ಚಿಕ್ಕದಾಗಿರಬೇಕು, ದೂರದಿಂದ ನೋಡಿದರೂ ತುಟಿ ಗೊತ್ತಾಗಬೇಕು, ದಿನಾ ಉಪಯೋಗಕ್ಕೆ ಬರಬೇಕು. ನೀರು, ಅನ್ನ, ಬೇಕು, ಯಾವುದೂ ಸುಲಭವಿಲ್ಲ.

ಬೀದಿಗೆ ಬಿದ್ದಿರುವ,
ವಾಚಾಳಿ

ಡಿಸೆಂಬರ್ ೮

ವಾಚಾಳಿಗೆ,

ಉದ್ಭವಿಸುವುದಿಲ್ಲವಂತೆ. ಇವರನ್ನು ಹೆತ್ತವರಿಗೆ ಆ ಮಾತು ಮೊದಲೇ ಹೊಳೆಯಬಾರದಿತ್ತೇ.

ನಿನ್ನನ್ನು ಬೈಯಬೇಕೆಂದು ಕೂತೆ, ಆಗಲಿಲ್ಲ. ಎರಡು ರಾತ್ರಿ ಅತ್ತೆ, ಅದು ನಿನ್ನ ವರ್ಷ ಹೋಯಿತೆಂದೋ ಆ ಮನುಷ್ಯ ಬಾಯಿಬಿಟ್ಟರೆಂದೋ ನನಗೇ ಗೊತ್ತಿಲ್ಲ. ಮುಂದಿನ ವರ್ಷ ಇನ್ನೊಂದು ಆಸ್ಪತ್ರೆಗೆ ಅರ್ಜಿ ಹಾಕು. ಕಣ್ಣಿಗೆ ಕನ್ನಡಕ ಹಾಕಿಸಿಕೊಂಡಿದ್ದೇನೆ, ಇನ್ನೊಂದು ವರ್ಷ ತಳ್ಳಬಹುದು.

ಮೂರನೆಯ ಮಾತು ಕೇಳಿದ್ದೀಯ. ಒಂದೇ ಅಕ್ಷರ, ನಾಲಗೆ ಹಲ್ಲಿಗೆ ತಾಗಿಸಿ ಗಾಳಿ ಬಿಟ್ಟರೆ ಬರುತ್ತದೆ, ತುಟಿ ಮುಂದೆ ಚಾಚುವುದು ರಸ್ತೆಯ ಆಚೆಗೂ ಕಾಣುತ್ತದೆ. ಆ ಕಟ್ಟಡದೊಳಗೆ ಇರುವವರಿಗೆ ದಿನಾ ಬೇಕಾಗುವ ಮಾತು. 'ಥೂ' ಕಲಿಸು.

ಒಂದು ಮಡಚುವ ಸ್ಟೂಲು ಕಳಿಸುತ್ತಿದ್ದೇನೆ. ಇನ್ನಾದರೂ ಕೂತುಕೋ.

ನಿನ್ನದೇ,
ಅಮ್ಮ

ಡಿಸೆಂಬರ್ ೨೧

ಅಮ್ಮನಿಗೆ,

ಸ್ಟೂಲು ಬಂತು. ಇವತ್ತು ಅದರ ಮೇಲೆ ಕೂತಿದ್ದಾಗ ಗೇಟಿನವನು ರಸ್ತೆ ದಾಟಿ ಓಡಿಬಂದ, ನಗು ತಡೆಯಲಾಗದೆ ಮಾತು ತೊದಲುತ್ತಿದ್ದ.

ವಿಭಾಗದ ಸಾಧನೆ ನೋಡಲು ಬೆಳಿಗ್ಗೆ ಮೇಲಧಿಕಾರಿಗಳು ಬಂದಿದ್ದರಂತೆ. ಕಂಡಕ್ಟರ್‌ಗೆ ಹೊಸ ಅಂಗಿ ಹಾಕಿ ಕೂರಿಸಿದ್ದರಂತೆ. ದೊಡ್ಡ ಮೇಡಂ ಚಿಕಿತ್ಸೆಯ ಬಗ್ಗೆ ತುಂಬ ಹೊತ್ತು ವಿವರಿಸಿದರಂತೆ. ಆಮೇಲೆ ಚರ್ಚಿಸಿ ಸಾಹೇಬರು ಹಾಸಿಗೆಯ ಹತ್ತಿರ ಬಗ್ಗಿ, "ಎಲ್ಲಿ, ಸಾಹೇಬ್ರಿಗೆ ಹೇಳಿ ನೋಡೋಣ, ನಮ್ಮ ಆಸ್ಪತ್ರೆ ಹೇಗಿದೆ?" ಎಂದರಂತೆ.

ಕಂಡಕ್ಟರ್ ಅವರ ಮುಖ ನೋಡಿದರಂತೆ, ಕನ್ನಡಿ ಕೆಳಗಿಟ್ಟರಂತೆ, ಹೇಳಿದರಂತೆ.

"ಏನಂದ್ರು?" ಎಂದು ಕೇಳಿದರಂತೆ ಮೇಲಧಿಕಾರಿ.

ದೊಡ್ಡ ಮೇಡಂ ಉಗುರು ನೋಡಿಕೊಂಡರಂತೆ. ಕೊನೆಗೆ ಬರೆದುಕೊಳ್ಳುವ ಗುಮಾಸ್ತ, ತಾನು ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿದನಂತೆ.

ನಾಳೆಯಿಂದ ನಾಲ್ಕನೆಯ ಮಾತು ಶುರುಮಾಡುತ್ತಿರುವ,
ನಿನ್ನ ವಾಚಾಳಿ